ಹಗ್ಗ ಹಿಡಿದವರಿಗೆಲ್ಲ ಪಾಲು

ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಕರಾವಳಿ ಉತ್ಸವ ನಡೆವಾಗ ಮಯೂರವರ್ಮ ವೇದಿಕೆಯ ಹಾಡು ಕಿವಿಗೆ ಬೀಳುವ ಮೊದಲೇ ಮೀನು ಕರಿಯುವ ವಾಸನೆ ಮೂಗಿಗೆ ಬಡಿಯುತ್ತದೆ. ಹುಬ್ಬಳ್ಳಿ, ಬೆಳಗಾವಿಯಿಂದ ಸಂಸಾರ ಸಮೇತ ಬಂದವರು, ಊರಿನ ಕಾಲೇಜು ಹುಡುಗರು, ಸೊಂಟದ ಮೇಲೆ ಮಗು ಕೂರಿಸಿಕೊಂಡು ಟೋಕನ್ನಿಗೆ ಕೈಚಾಚುವ ತಾಯಂದಿರು. ಕಾಲಿಡಲು ಜಾಗವಿಲ್ಲ. ಕಾವಲಿಯ ಮೇಲೆ ರವೆ ಹಚ್ಚಿದ ಬಂಗಡೆ, ನೊಗಲಿ, ಸಿಗಡಿ. ಪಕ್ಕದ ಪಾತ್ರೆಯಲ್ಲಿ ತಿಸ್ರೆ ಸುಕ್ಕಾ. ನಾನೂ ಸಾಲಿನಲ್ಲಿ ನಿಂತು ತಿನ್ನುವವನೇ, ಅದರಲ್ಲಿ ಬಿಗುಮಾನವೇನಿಲ್ಲ. ಎಲ್ಲ ಮಳಿಗೆಯಲ್ಲೂ ಒಂದೇ ಕೆಂಪು ಮಸಾಲೆ ಅನ್ನುವುದೊಂದು ತಕರಾರು. ಜುಮ್ಮನಕಾಯಿ ಜಜ್ಜಿ ಹಾಕಿದ ಬಂಗಡೆ ಸಾರನ್ನು ಇಂಥಲ್ಲಿ ಯಾರೂ ಮಾಡುವುದಿಲ್ಲ. ಕೈಯಲ್ಲಿ ತಟ್ಟೆ ಹಿಡಿದು ನಿಂತು ತಿನ್ನುವವರಿಗೆ ಅದು ಒದಗುವುದೂ ಇಲ್ಲ, ಬಿಡಿ.

ನನ್ನ ಸಂಕಟ ರುಚಿಯದ್ದಲ್ಲ. ನಾನು ಹುಡುಗನಾಗಿದ್ದಾಗ ಈ ದಂಡೆಯುದ್ದಕ್ಕೂ ಇಷ್ಟೇ ಜನ ಸೇರುತ್ತಿದ್ದರು, ರಂಪಣಿ ಬಲೆ ಎಳೆಯಲಿಕ್ಕೆ.

ಮಳೆಗಾಲ ಕಳೆದು ಕಡಲು ತಣ್ಣಗಾದ ಮೇಲೆ ರಂಪಣಿಯ ಕಾಲ. ನೀರಿನ ಬಣ್ಣ ನೋಡಿ ಮೀನಿನ ಹಿಂಡು ಗುರುತಿಸುವ ಹಿರಿಯನೊಬ್ಬ ದಂಡೆಯ ಮೇಲೆ ಕಣ್ಣಿಗೆ ಕೈ ಅಡ್ಡ ಹಿಡಿದು ಕೂತಿರುತ್ತಿದ್ದ. ಅಲ್ಲೆಲ್ಲೋ ನೀರು ಕಪ್ಪಾಗಿದೆ, ಹಕ್ಕಿಗಳು ಎರಗುತ್ತಿವೆ ಎಂದು ಅವನು ಕೂಗಿದ್ದೇ ತಡ, ದೋಣಿ ಬಲೆ ಹೊತ್ತು ಹೊರಡುತ್ತಿತ್ತು. ಹಗ್ಗದ ಒಂದು ತುದಿ ದಂಡೆಯಲ್ಲೇ ಉಳಿಯುತ್ತಿತ್ತು. ದೋಣಿ ಹಿಂಡನ್ನು ಬಳಸಿ ಬಲೆ ಬಿಡುತ್ತಾ ಹೋಗಿ, ಇನ್ನೊಂದು ತುದಿಯನ್ನು ದೂರದಲ್ಲಿ ದಡಕ್ಕೆ ತಂದು ಕೊಡುತ್ತಿತ್ತು. ಆಮೇಲೆ ಎರಡು ಸಾಲು ಜನ, ಎರಡು ಹಗ್ಗ. ಬಲೆಯೂ ಒಬ್ಬನದ್ದಲ್ಲ. ಮನೆಮನೆಯವರು ತಂದ ತುಂಡುಗಳನ್ನು ಜೋಡಿಸಿ ಹೊಲಿದದ್ದು. ನಿಮ್ಮ ಮನೆಯ ತುಂಡು ಅದರಲ್ಲಿದ್ದರೆ ನಿಮಗೊಂದು ಪಾಲು, ಎಳೆದರೆ ಎಳೆದ ಪಾಲು. ದೇವಸ್ಥಾನಕ್ಕೆ ಒಂದು. ಗಂಡಸರಿಲ್ಲದ ಮನೆಯ ಹೆಂಗಸು ಬುಟ್ಟಿ ಹಿಡಿದು ಬಂದರೆ ಆ ಬುಟ್ಟಿ ಖಾಲಿ ಹೋಗುವುದನ್ನು ನಾನು ಕಂಡಿಲ್ಲ. ಶಾಲೆ ತಪ್ಪಿಸಿ ಹಗ್ಗದ ತುದಿಗೆ ಜೋತುಬಿದ್ದ ನಮ್ಮಂಥವರಿಗೂ, "ಏ ತಮಾ, ಬಾ ಇಲ್ಲಿ" ಎಂದು ಕರೆದು ಚಡ್ಡಿ ಜೇಬಿಗೆ ಹಿಡಿಸದಷ್ಟು ಬಂಗಡೆ ಕೊಡುತ್ತಿದ್ದರು. ಶಾಲೆಗೆ ಹೋಗಿರಲಿಲ್ಲ ಎಂಬುದು ಮನೆಯವರಿಗೆ ಜೇಬಿನ ವಾಸನೆಯಿಂದಲೇ ತಿಳಿಯುತ್ತಿತ್ತು.

ಬಲೆಯ ಹೊಟ್ಟೆ ದಡಕ್ಕೆ ಹತ್ತಿರವಾದಂತೆ ನೀರು ಕುದಿಯುವ ಎಸರಿನಂತೆ ಕೊತಗುಡುತ್ತಿತ್ತು. ಬೆನ್ನ ಮೇಲಿನ ಹಸಿರು ನೀಲಿ ಗೆರೆ ಇನ್ನೂ ಮಾಸದ ಬಂಗಡೆ ಮರಳಿಗೆ ಬಿದ್ದು ಪಟಪಟ ಬಡಿದುಕೊಳ್ಳುತ್ತಿತ್ತು, ಎಳೆದವರ ಮುಂಗೈಗೆಲ್ಲ ಪೊರೆ ಅಂಟಿ ಮಿನುಗುತ್ತಿತ್ತು. ಹಿಂಡು ದೊಡ್ಡದಿದ್ದರೆ ಒಂದೇ ಸಲಕ್ಕೆ ಎಳೆಯುತ್ತಿರಲಿಲ್ಲ. ಬಲೆಯೊಳಗೇ ಮೀನನ್ನು ಜೀವಂತ ಕೂಡಿಟ್ಟು, ದರ ನೋಡಿಕೊಂಡು ಬೇಕಾದಷ್ಟು ತೆಗೆಯುತ್ತಿದ್ದರು. ಶೀತಲಗೃಹ ಕಾಣದ ಊರಿಗೆ ಕಡಲೇ ಉಗ್ರಾಣ. ಅಷ್ಟಾಗಿಯೂ ಮಿಕ್ಕ ತಾರ್ಲೆ ಮೀನು ತೆಂಗಿನ ಬುಡಕ್ಕೆ ಗೊಬ್ಬರವಾಗುತ್ತಿತ್ತು.

1975ರ ಆಸುಪಾಸಿನಲ್ಲಿ ಮಂಗಳೂರು ಕಡೆ ಪರ್ಸೀನ್ ಬೋಟುಗಳು ಬಂದವು. ಹಿಂಡನ್ನು ಸುತ್ತುವರಿದು, ಬಲೆಯ ಅಡಿಯಲ್ಲಿ ಬಳೆಗಳೊಳಗೆ ಪೋಣಿಸಿದ ಹಗ್ಗ ಎಳೆದರೆ ಸಂಚಿಯ ಬಾಯಿ ಬಿಗಿದಂತೆ ತಳ ಮುಚ್ಚಿಕೊಳ್ಳುತ್ತದೆ. ರಂಪಣಿಯವನು ಮೀನು ದಂಡೆಗೆ ಬರಲಿ ಎಂದು ಕಾಯಬೇಕು, ಪರ್ಸೀನಿನವನು ಅದಿದ್ದಲ್ಲಿಗೇ ಹೋಗುತ್ತಾನೆ. ಕೆಲವೇ ವರ್ಷಗಳಲ್ಲಿ ದೊಡ್ಡ ರಂಪಣಿಯ ಕಥೆ ಮುಗಿಯಿತು. ಜಗಳಗಳಾದವು. ಆಮೇಲೆ ರಂಪಣಿಯವರೇ ಕೆಲವರು ಸಾಲ ಮಾಡಿ ಬೋಟು ಕೊಂಡರು, ಅವರನ್ನು ದೂರುವಂತಿಲ್ಲ. ಬೋಟಿನ ಮೀನು ಬಂದರಿಗೆ ಇಳಿಯುತ್ತದೆ, ಅಲ್ಲಿ ಹರಾಜು ಕೂಗುವವನಿರುತ್ತಾನೆ. ಹಗ್ಗ ಹಿಡಿಯಲು ಬಂದವನಿಗೆ ಅಲ್ಲಿ ಹಗ್ಗವೇ ಇಲ್ಲ.

ದಂಡೆಯೂ ಕಿರಿದಾಯಿತು. 1986ರಲ್ಲಿ ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಬಿತ್ತು, 2005ರಲ್ಲಿ ಆ ನೆಲೆ ಐಎನ್‌ಎಸ್ ಕದಂಬ ಎಂಬ ಹೆಸರಿನಲ್ಲಿ ಶುರುವಾಯಿತು. ಅರ್ಗಾದಂಥ ಊರುಗಳ ಕಡಲತೀರ ಬೇಲಿಯ ಆಚೆಗೆ ಹೋಯಿತು. ಟ್ಯಾಗೋರ್ ತೀರದಲ್ಲಿ ಬಂದರು ವಿಸ್ತರಣೆಯ ಅಲೆತಡೆಗೋಡೆ ಕೆಲಸಕ್ಕೆ ಕೈಹಾಕಿದಾಗ, 2020ರ ಜನವರಿಯಲ್ಲಿ, ಮೀನುಗಾರರು ಬೀದಿಗಿಳಿದರು, ವಿಷಯ ಹೈಕೋರ್ಟಿಗೂ ಹೋಯಿತು. ಹೆಂಗಸರೂ ಕಡಲಿಗಿಳಿದು ನಿಂತ ಆ ದಿನಗಳಲ್ಲಿ ಪೇಟೆಯವರಲ್ಲೂ ಅನೇಕರು ಅವರ ಜೊತೆಗಿದ್ದರು. ಇಷ್ಟಾದರೂ ಈ ಮರಳು ಉಳಿದಿರುವುದಕ್ಕೇ ಇಲ್ಲಿ ಉತ್ಸವ ನಡೆಯುತ್ತದೆ. ಈ ಮಾತನ್ನು ವೇದಿಕೆಯ ಮೇಲೆ ಯಾರಾದರೂ ಒಮ್ಮೆ ಆಡಿದರೆ ನನಗೆ ಸಂತೋಷ.

ಕೈರಂಪಣಿ ಈಗಲೂ ಅಲ್ಲಲ್ಲಿ ಇದೆ. ಸಣ್ಣ ಬಲೆ, ಸ್ವಲ್ಪ ಜನ, ಅದರಲ್ಲೂ ಹೆಚ್ಚಿನವರು ತಲೆ ನರೆತವರು. ಮೊನ್ನೆ ಒಂದು ಬೆಳಿಗ್ಗೆ ಅವರು ಎಳೆಯುತ್ತಿದ್ದಾಗ ಪ್ರವಾಸಕ್ಕೆ ಬಂದ ನಾಲ್ಕಾರು ಹುಡುಗರು ಮೊದಲು ಫೋಟೋ ಹೊಡೆದರು, ಆಮೇಲೆ ಹುರುಪಿಗೆ ಬಿದ್ದು ಹಗ್ಗಕ್ಕೆ ಕೈಹಾಕಿದರು. ಚೆನ್ನಾಗಿಯೇ ಎಳೆದರು. ಬಲೆಯಲ್ಲಿ ಒಂದು ಬುಟ್ಟಿಯಾಗುವಷ್ಟು ಮೀನು, ಜೊತೆಗೆ ಪ್ಲಾಸ್ಟಿಕ್ ಬಾಟಲಿಗಳು. ಕೈತೊಳೆದು ಹೊರಟಿದ್ದ ಹುಡುಗರನ್ನು ಅಜ್ಜನೊಬ್ಬ ಬಿಡಲಿಲ್ಲ. "ಹಗ್ಗ ಹಿಡಿದವರು ಹಾಗೇ ಹೋಗಬಾರದು ತಮಾ" ಎನ್ನುತ್ತಾ ನಾಲ್ಕು ಬಂಗಡೆ ಎಣಿಸಿ ಅವರ ಕೈಗಿಟ್ಟ. ಒಬ್ಬ ಹುಡುಗ ಒಂದರ ಬಾಲ ಹಿಡಿದು ಎತ್ತಿ ನೋಡಿ, "ಥ್ಯಾಂಕ್ಸ್ ಅಜ್ಜಾ, ಇದನ್ನ ಇಲ್ಲಿ ಯಾರು ಹುರಿದು ಕೊಡ್ತಾರೆ?" ಎಂದ.

ಅಜ್ಜ ಅವರನ್ನು ತನ್ನ ಮನೆಗೇ ಕರೆದುಕೊಂಡು ಹೋದ.