ಬಾಲಗಾಂವದ ಮಾಳಿಗೆ, ಮಹಾನಗರದ ಗೋಪುರ

ಸಾಂಗಲಿ ಜಿಲ್ಲೆಯ ತಾಲೂಕುಗಳಲ್ಲಿ ವಿಸ್ತಾರದಿಂದ ದೊಡ್ಡದಾದ ಜತ್ತ, ಮಳೆಯ ಲೆಕ್ಕದಲ್ಲಿ ಮಾತ್ರ ಬಡವ. ಸಹ್ಯಾದ್ರಿಯ ಮಳೆನೆರಳಿನಲ್ಲಿ ಮಲಗಿರುವ ಈ ತಾಲೂಕಿನ ಪೂರ್ವ ಸೀಮೆಯಲ್ಲಿ ಬಾಲಗಾಂವ ಇದೆ. ಇಲ್ಲಿ ಮನೆಯೊಳಗಿನ ಮಾತು ಕನ್ನಡ, ಕಚೇರಿಯ ಕಾಗದ ಮರಾಠಿ. ಜೋಳ, ಸಜ್ಜೆಯ ಹೊಲಗಳು, ಬದುವಿನ ಮೇಲೆ ಬೇವು, ಜಾಲಿ. ಚೈತ್ರ ಕಳೆದರೆ ಬಿಸಿಲು ಮನುಷ್ಯನನ್ನು ಮನೆಯೊಳಗೆ ಅಟ್ಟುತ್ತದೆ. ಮನೆ ಎಂಥದು ಎಂಬ ಪ್ರಶ್ನೆ ಇಲ್ಲಿ ಅಂದಚಂದದ್ದಲ್ಲ, ಬದುಕಿನದು.

ಈ ಸೀಮೆಯ ಹಳೆಯ ಉತ್ತರ ಮಾಳಿಗೆ ಮನೆ. ಮರಾಠಿಯಲ್ಲಿ ಅದಕ್ಕೆ ಮಾಳವದ ಎನ್ನುತ್ತಾರೆ. ಕಲ್ಲುಮಣ್ಣಿನ ದಪ್ಪ ಗೋಡೆ, ಅದರ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಎಲ್ಲಕ್ಕೂ ಮೇಲೆ ತುಳಿದು ಹದಗೊಳಿಸಿದ ಮಣ್ಣಿನ ಹೊದಿಕೆ. ನಡುಮಾಳಿಗೆಯಲ್ಲಿ ಒಂದು ಬೆಳಕಿಂಡಿ. ಅದರಿಂದ ಬೆಳಕು ಇಳಿಯುತ್ತದೆ, ಒಲೆಯ ಹೊಗೆಯೂ ಒಳಗಿನ ಬಿಸಿಗಾಳಿಯೂ ಏರಿ ಹೊರಹೋಗುತ್ತವೆ. ಹಗಲಿನ ಕಾವು ಗೋಡೆಯನ್ನು ಹಾಯ್ದು ಒಳಗೆ ಬರುವ ಹೊತ್ತಿಗೆ ಹೊರಗೆ ತಂಗಾಳಿ ಬೀಸತೊಡಗಿರುತ್ತದೆ. ಆಗ ಮನೆಮಂದಿ ಮಾಳಿಗೆ ಏರಿ ಹಾಸಿಗೆ ಬಿಚ್ಚುತ್ತಾರೆ.

ಇಂದು ಊರೂರಿನಲ್ಲಿ ಮಾಳಿಗೆ ಕೆಡವಿ ಸ್ಲ್ಯಾಬಿನ ಮನೆ ಕಟ್ಟುವುದು ಏಳಿಗೆಯ ಗುರುತಾಗಿದೆ. ಅದಕ್ಕೆ ಕಾರಣವಿಲ್ಲದಿಲ್ಲ. ಮಳೆಗಾಲಕ್ಕೆ ಮುಂಚೆ ಪ್ರತಿವರ್ಷ ಮಣ್ಣು ಹಾಕುವ ಕೈಗಳು ದುಡಿಮೆಗೆಂದು ದೂರದ ಪಟ್ಟಣಗಳಿಗೆ ಹೋಗಿವೆ; ಜಂತಿ ಸೋರುತ್ತದೆ, ಗೆದ್ದಲು ಹತ್ತುತ್ತದೆ. ಆದರೆ ನಾಲ್ಕೈದು ಅಂಗುಲದ ಸ್ಲ್ಯಾಬು ದಿನವಿಡೀ ಕಾಯ್ದು ರಾತ್ರಿಯೆಲ್ಲ ಆ ಕಾವನ್ನು ಮಲಗಿದವರ ಮೇಲೆ ಸುರಿಯುತ್ತದೆ. ಫ್ಯಾನು ಬಿಸಿಗಾಳಿಯನ್ನೇ ತಿರುವುತ್ತದೆ. ಆ ಮನೆಯ ಮಗ ಮುಂಬಯಿಯಲ್ಲೋ ಪುಣೆಯಲ್ಲೋ ದುಡಿಯುವ ಗಾಜಿನ ಕಚೇರಿಯ ಕಥೆಯೂ ಇದೇ. ಬಿಸಿಲನ್ನು ಒಳಗೆ ಬಿಟ್ಟುಕೊಂಡು, ಬಳಿಕ ಯಂತ್ರದಿಂದ ಅದನ್ನು ಹೊರಗೆ ತಳ್ಳುವ ಕಟ್ಟಡ ಅದು.

ಜಂತಿಯನ್ನು ತಿನ್ನುವ ಗೆದ್ದಲೇ ಇದಕ್ಕೊಂದು ಪಾಠ ಹೇಳುತ್ತದೆ ಎಂಬುದು ಸೋಜಿಗ. ಹೊಲದ ಬದುವಿನ ಹುತ್ತಕ್ಕೆ ನಾಗರ ಪಂಚಮಿಯಂದು ಹಾಲೆರೆಯುವುದು ಈ ಭಾಗದ ವಾಡಿಕೆ. ಭಾರತದ ಇಂಥ ಹುತ್ತಗಳನ್ನು ಅಳೆದು ನೋಡಿದ ವಿಜ್ಞಾನಿಗಳಾದ ಹಂಟರ್ ಕಿಂಗ್, ಸ್ಯಾಮ್ಯುಯಲ್ ಓಕೊ ಮತ್ತು ಎಲ್. ಮಹಾದೇವನ್ 2015ರಲ್ಲಿ ಅದರ ಉಸಿರಾಟದ ಗುಟ್ಟನ್ನು ಪ್ರಕಟಿಸಿದರು. ಹಗಲು ಹೊರಮೈಯ ತೆಳುವಾದ ನಾಳಗಳು ಬೇಗ ಕಾಯುತ್ತವೆ, ಅಲ್ಲಿ ಗಾಳಿ ಮೇಲೇರಿ ನಡುವಿನ ಕೊಳವೆಯಲ್ಲಿ ಕೆಳಗಿಳಿಯುತ್ತದೆ. ರಾತ್ರಿ ಹೊರಮೈ ತಣ್ಣಗಾದೊಡನೆ ಈ ಹರಿವು ತಿರುಗುಮುರುಗಾಗುತ್ತದೆ. ಹಗಲಿರುಳಿನ ತಾಪದ ವ್ಯತ್ಯಾಸವೇ ಅದರ ತಿದಿ.

ಜಿಂಬಾಬ್ವೆಯ ರಾಜಧಾನಿ ಹರಾರೆಯಲ್ಲಿ 1996ರಲ್ಲಿ ತೆರೆದ ಈಸ್ಟ್‌ಗೇಟ್ ಕಟ್ಟಡಕ್ಕೆ ಹುತ್ತವೇ ಸ್ಫೂರ್ತಿ. ವಾಸ್ತುಶಿಲ್ಪಿ ಮಿಕ್ ಪಿಯರ್ಸ್ ಅರುಪ್ ಸಂಸ್ಥೆಯ ಎಂಜಿನಿಯರರೊಡನೆ ಕೂಡಿ, ಸಾಮಾನ್ಯ ಹವಾನಿಯಂತ್ರಣ ಯಂತ್ರಗಳಿಲ್ಲದೆ ಈ ಕಚೇರಿ, ಅಂಗಡಿಗಳ ಸಂಕೀರ್ಣವನ್ನು ರೂಪಿಸಿದರು. ರಾತ್ರಿಯ ತಂಗಾಳಿಯನ್ನು ಫ್ಯಾನುಗಳಿಂದ ಕಾಂಕ್ರೀಟಿನ ಟೊಳ್ಳುಗಳಲ್ಲಿ ಹಾಯಿಸಿ, ಆ ತಂಪನ್ನು ಹಗಲಿಗೆ ಕೂಡಿಡುವುದು. ಕಾಯ್ದ ಗಾಳಿಯನ್ನು ಚಾವಣಿಯ 48 ಚಿಮಣಿಗಳಿಂದ ಹೊರಬಿಡುವುದು, ಇದು ಅಲ್ಲಿನ ಕ್ರಮ. ಹುತ್ತ ತನ್ನ ಗೂಡನ್ನು ತಂಪಾಗಿಡುತ್ತದೆ ಎಂಬ ಅಂದಿನ ನಂಬಿಕೆ ಪೂರ್ತಿ ಸರಿಯಲ್ಲವೆಂದೂ, ಅದರ ಕೆಲಸ ಶ್ವಾಸಕೋಶಕ್ಕೆ ಹತ್ತಿರವಾದುದೆಂದೂ ಟರ್ನರ್ ಮತ್ತು ಸೋರ್ ಎಂಬ ಸಂಶೋಧಕರು 2008ರಲ್ಲಿ ತೋರಿಸಿದರು. ಕಟ್ಟಡವಂತೂ ಕೆಲಸ ಮಾಡಿತು. ಪ್ರಕೃತಿಯ ಓದು ಇನ್ನೂ ಮುಗಿದಿಲ್ಲ.

ಆದರೆ ಈಸ್ಟ್‌ಗೇಟ್ ಬುಡದಿಂದಲೇ ಹಾಗೆ ಕಟ್ಟಿದ್ದು. ಈಗಾಗಲೇ ನಿಂತಿರುವ ಸಾವಿರಾರು ಗೋಪುರಗಳ ಗತಿಯೇನು? ಕೆಡವುವುದು ಉತ್ತರವಲ್ಲ. ಅವುಗಳ ಸಿಮೆಂಟು, ಉಕ್ಕಿಗಾಗಿ ಸುಟ್ಟ ಇಂಧನ ಮರಳಿ ಬಾರದು. ಹೊಸದಕ್ಕೆ ಮತ್ತೆ ಅಷ್ಟನ್ನು ಸುಡಬೇಕು. 1931ರಲ್ಲಿ ನಿಂತ ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡ ಬೇರೆ ದಾರಿ ಹಿಡಿಯಿತು. ಅದರ 6,514 ಕಿಟಕಿಗಳ ಗಾಜನ್ನು ಎಸೆಯದೆ, ಕಟ್ಟಡದೊಳಗೇ ಕಾರ್ಯಾಗಾರ ಹೂಡಿ, ಹಳೆಯ ಗಾಜುಗಳ ನಡುವೆ ತೆಳುಪೊರೆ ಸೇರಿಸಿ ಮರಳಿ ಕೂಡಿಸಿದರು. ಒಟ್ಟು ಯೋಜನೆಯ ಗುರಿ ಶಕ್ತಿಯ ಬಳಕೆಯಲ್ಲಿ 38 ಶೇಕಡಾ ಇಳಿಕೆ. ಮುಂಬಯಿಯಲ್ಲಿಯೇ 1972ರ ಗೋದ್ರೇಜ್ ಭವನವನ್ನು 2010ರಲ್ಲಿ ಕೆಡವದೆ ನವೀಕರಿಸಿ ವಿದ್ಯುತ್ ಉಳಿಸಿದ್ದಾರೆ. ನೆರಳು, ಬೆಳಕು, ಗಾಳಿಯ ದಾರಿ ಇವನ್ನು ಮೊದಲು ಸರಿಪಡಿಸಿ, ಉಳಿದುದಕ್ಕಷ್ಟೇ ಯಂತ್ರ ಹೂಡುವುದು ಇಂಥ ಪುನರ್ವಿನ್ಯಾಸದ ಜಾಣ್ಮೆ.

ಗೋಪುರಕ್ಕೆ ಸಲ್ಲುವ ಮಾತು ಹಳ್ಳಿಯ ಸ್ಲ್ಯಾಬಿನ ಮನೆಗೂ ಸಲ್ಲುತ್ತದೆ. ಕಟ್ಟಿದ್ದನ್ನು ಕೆಡವಬೇಕಾಗಿಲ್ಲ. ಮೇಲ್ಛಾವಣಿಗೆ ಬಿಳಿಯ ಸುಣ್ಣ ಬಳಿದರೆ ಬಿಸಿಲು ಮರಳುತ್ತದೆ. ಪಡುವಣ ಗೋಡೆಗೆ ಒಂದು ಚಪ್ಪರ, ಅದರ ಮೇಲೊಂದು ಬಳ್ಳಿ, ಅಂಗಳದಲ್ಲಿ ಒಂದು ಬೇವು ಇದ್ದರೆ ಗೋಡೆ ಕಾಯುವುದು ಕಡಿಮೆ. ಎತ್ತರದಲ್ಲಿ ಎದುರುಬದುರಾಗಿ ಎರಡು ಗವಾಕ್ಷಿ ತೆರೆದರೆ ಬೆಳಕಿಂಡಿಯ ಕೆಲಸ ಮತ್ತೆ ಆರಂಭವಾಗುತ್ತದೆ. ಮಳೆಯೇ ವಿರಳವಾದ ಜತ್ತದಲ್ಲಿ ಚಾವಣಿಯ ನೀರನ್ನು ತೊಟ್ಟಿಗೆ ಇಳಿಸುವುದಂತೂ ಮೊದಲ ಕೆಲಸವಾಗಬೇಕು. ಇನ್ನೂ ಗಟ್ಟಿಯಾಗಿರುವ ಮಾಳಿಗೆಗಳ ಮಾತು ಬೇರೆ. ಅವುಗಳ ಕೊಳೆತ ಜಂತಿ ಬದಲಿಸಿ, ಮಣ್ಣು ಹೊದಿಸಿ ಉಳಿಸಿಕೊಳ್ಳುವುದೇ ಲೇಸು.

ಆದರೆ ಮಾಳಿಗೆಯ ಮಣ್ಣಿನ ಹದ ಬಲ್ಲವರು ಪ್ರತಿ ಹಳ್ಳಿಯಲ್ಲಿ ಕಡಿಮೆಯಾಗುತ್ತಿದ್ದಾರೆ. ಯಾವ ಮಣ್ಣು ಸೋರದು, ಎಷ್ಟು ತುಳಿಯಬೇಕು, ನೀರು ಯಾವ ಮೂಲೆಗೆ ಇಳಿಯಬೇಕು ಎಂಬ ಆ ವಿದ್ಯೆ ಇರುವುದು ಹಿರಿಯರ ಕೈಯಲ್ಲಿ, ಅದರ ಹೆಸರುಗಳಿರುವುದು ಗಡಿಯ ಕನ್ನಡದಲ್ಲಿ. ಪಂಚಮಿಗೆ ಊರಿಗೆ ಬರುವ ಮಕ್ಕಳು ಹುತ್ತಕ್ಕೆ ಹಾಲೆರೆದ ಮೇಲೆ, ಒಂದು ಮಧ್ಯಾಹ್ನ ಅಜ್ಜನೊಡನೆ ಮಾಳಿಗೆ ಹತ್ತಿ ಅದನ್ನು ಕೇಳಿ ಬರೆದುಕೊಳ್ಳಲಿ. ನಗರದ ಗೋಪುರವನ್ನು ತಿದ್ದುವ ಕೆಲಸ ನಾಳೆ ಅವರ ಪಾಲಿಗೇ ಬರಬಹುದು.