ಹತ್ತು ಕನೆಕ್ಷನ್, ಕಾಯುವವರು ನೂರತೊಂಬತ್ತು

ಬೆಂಗಳೂರು, ಬೆಳಿಗ್ಗೆ ಹತ್ತು ದಾಟಿದೆ. ದೀಪಾವಳಿ ಬಸ್ಸುಗಳ ಬುಕಿಂಗ್ ಈಗಷ್ಟೇ ತೆರೆದಿದೆ, ಆಗಲೇ ಸೈಟ್ ಸುತ್ತುತ್ತಾ ಕೂತುಬಿಟ್ಟಿದೆ. ನಿಮ್ಮೆದುರು ಲಾಗ್ ಸರಸರನೆ ಮೇಲೆ ಸರಿಯುತ್ತಿದೆ. ಬಂದಿದ್ದೇ ಬರುತ್ತಿರುವ ಸಾಲು ಒಂದೇ: ಹಿಕಾರಿ ಪೂಲ್‌ನಲ್ಲಿ ಕನೆಕ್ಷನ್ ಇಲ್ಲ, 30000 ಮಿಲಿಸೆಕೆಂಡ್ ಕಾದಾಯಿತು.

"ಸರ್, ಡೇಟಾಬೇಸ್ ಡೌನ್ ಆಗಿರ್ಬೇಕು," ಪಕ್ಕದ ಹುಡುಗ ಹೇಳುತ್ತಾನೆ.

ಆಗಿಲ್ಲ. ಅದರ ಸಿಪಿಯು ಗ್ರಾಫ್ ನೆಲಕ್ಕಂಟಿಕೊಂಡು ಮಲಗಿದೆ. ಅನುಮಾನ ಹುಟ್ಟಿಸಬೇಕಾದದ್ದು ಇದೇ.

"ಹಾಗಾದ್ರೆ ಪೂಲ್ ಸೈಜ್ ಹತ್ತರಿಂದ ಐವತ್ತು ಮಾಡ್ಲಾ?"

ಎಲ್ಲರ ಕೈಯೂ ಮೊದಲು ಹೋಗುವುದು ಅಲ್ಲಿಗೇ. ಸರ್ವರ್ ನಾಲ್ಕಿವೆ, ಐವತ್ತರಂತೆ ಇನ್ನೂರಾಯಿತು. ಪೋಸ್ಟ್‌ಗ್ರೆಸ್‌ನ ಡೀಫಾಲ್ಟ್ ಮಿತಿ 100, ಇಲ್ಲಿ ಅದನ್ನು ಯಾರೂ ಮುಟ್ಟಿಲ್ಲ. ಅಲ್ಲಿ ಒಂದೊಂದು ಕನೆಕ್ಷನ್ನಿಗೂ ಒಂದೊಂದು ಪ್ರೋಸೆಸ್ ಬೇರೆ. "ತಡಿಯಪ್ಪ, ಮೊದ್ಲು ಹಿಡ್ಕೊಂಡಿರೋರು ಯಾರು ನೋಡೋಣ."

ಜೆಸ್ಟ್ಯಾಕ್ ಓಡಿಸುತ್ತೀರಿ. ಟಾಮ್‌ಕ್ಯಾಟ್‌ನ 200 ಥ್ರೆಡ್‌ಗಳಲ್ಲಿ 190 ಕನೆಕ್ಷನ್ ಕೇಳುವ ಸಾಲಿನಲ್ಲೇ ನಿಂತಿವೆ. ಉಳಿದ ಹತ್ತು ಯಾವುದೋ ಸಾಕೆಟ್‌ನಿಂದ ಉತ್ತರಕ್ಕೆ ಕಾಯುತ್ತಿವೆ. ಡೇಟಾಬೇಸ್‌ನ ಪಿಜಿ_ಸ್ಟ್ಯಾಟ್_ಆ್ಯಕ್ಟಿವಿಟಿ ತೆರೆದರೆ ಅಲ್ಲೂ ಅದೇ ಕಥೆ: ಸಾಲು ಸಾಲಾಗಿ 'ಐಡಲ್ ಇನ್ ಟ್ರಾನ್ಸಾಕ್ಷನ್'. ಮದುವೆ ಮನೆಯಲ್ಲಿ ಉಂಡು ಮುಗಿಸಿದ ನೆಂಟ ಎಲೆ ಬಿಟ್ಟೇಳದೆ ಫೋನಿನಲ್ಲಿ ಮಾತಾಡುತ್ತಾ ಕೂತಂತೆ.

ಕನೆಕ್ಷನ್ ಮುಚ್ಚದೆ ಬಿಟ್ಟ ಕೋಡ್ ಇರಬಹುದೇ? ಹಿಕಾರಿಯಲ್ಲಿ ಸೋರಿಕೆ ಪತ್ತೆ ಡೀಫಾಲ್ಟ್ ಆಗಿ ಬಂದ್ ಇರುತ್ತದೆ. ಜೆಎಂಎಕ್ಸ್ ಮೂಲಕ, ರೀಸ್ಟಾರ್ಟ್ ಮಾಡದೆಯೇ, 2000 ಮಿಲಿಸೆಕೆಂಡ್‌ಗೆ ಇಡುತ್ತೀರಿ. ಎಚ್ಚರಿಕೆ ಬಂತು, ಕನೆಕ್ಷನ್ ಪಡೆದ ಮೆಥಡ್ಡಿನ ಹೆಸರೂ ಬಂತು. ಸ್ವಲ್ಪ ಹೊತ್ತಿಗೆ ಇನ್ನೊಂದು ಸಾಲು: ಸೋರಿದೆ ಎಂದಿದ್ದ ಕನೆಕ್ಷನ್ ಪೂಲ್‌ಗೆ ವಾಪಸ್. ಅಂದಮೇಲೆ ಸೋರಿಕೆಯಲ್ಲ, ವಿಳಂಬ.

ಆ ಮೆಥಡ್ ತೆರೆಯಿರಿ. ಮೇಲೆ ಟ್ರಾನ್ಸಾಕ್ಷನಲ್ ಎಂಬ ಗುರುತು. ಒಳಗೆ ಸೀಟು ಕಾಯ್ದಿರಿಸುವ ಇನ್ಸರ್ಟ್, ಅದರ ಬೆನ್ನಿಗೇ ಪ್ರಯಾಣಿಕನಿಗೆ ಎಸ್ಸೆಮ್ಮೆಸ್. ಎಸ್ಸೆಮ್ಮೆಸ್ ಗೇಟ್‌ವೇ ಇವತ್ತು ಐದು ಸೆಕೆಂಡ್ ತೆಗೆದುಕೊಳ್ಳುತ್ತಿದೆ, ಅಷ್ಟು ಹೊತ್ತೂ ಕಮಿಟ್ ಇಲ್ಲ. ಇಪ್ಪತ್ತು ಮಿಲಿಸೆಕೆಂಡ್ ಹಿಡಿದು ಬಿಟ್ಟರೆ ಹತ್ತು ಕನೆಕ್ಷನ್ ಸೆಕೆಂಡಿಗೆ 500 ಬುಕಿಂಗ್ ದಾಟಿಸುತ್ತವೆ. ಐದು ಸೆಕೆಂಡ್ ಹಿಡಿದರೆ ಎರಡು. ಐವತ್ತು ಮಾಡಿದ್ದರೂ ಹತ್ತೇ!

ಎಸ್ಸೆಮ್ಮೆಸ್ ಸಾಲನ್ನು ಕಮಿಟ್ ಆದಮೇಲಕ್ಕೆ ಸರಿಸಿ, ಒಂದು ಸರ್ವರ್‌ಗೆ ಮಾತ್ರ ಹಾಕುತ್ತೀರಿ. ಪೂಲ್ ಅಂಕಿ ಬರುತ್ತದೆ: ಒಟ್ಟು 10, ಕೆಲಸದಲ್ಲಿ 3, ಖಾಲಿ 7, ಕಾಯುತ್ತಿರುವುದು 0.

"ಸೈಜ್ ಹತ್ತೇ ಇರ್ಲಾ ಸರ್?"

"ಇರ್ಲಿ. ಗೇಟ್‌ವೇ ಕಾಲ್‌ಗೆ ಟೈಮ್‌ಔಟ್ ಹಾಕಿದ್ಯಾ? ಹಾಕಿ, ಮಿಕ್ಕ ಮೂರಕ್ಕೂ ಬಿಡು."