ಬಿಡದ ಬ್ರೇಕು, ಹಿಡಿಯದ ಬ್ರೇಕು

ದೇವರಾಯನದುರ್ಗದಿಂದ ನಾಮದ ಚಿಲುಮೆಯ ಕಡೆಗೆ ಇಳಿಯುತ್ತಿದ್ದೇವೆ. ಜೀಪು ಗುಬ್ಬಿಯ ಅಡಿಕೆ ತೋಟದ್ದು, ಹಳೇ ಕಾಲದ ಫೋರ್ ವೀಲ್. ಕೆರೆಯಂಗಳ, ಕಾಲುವೆ ಏರಿ, ಕೆಸರು ಯಾವುದೂ ಅದಕ್ಕೆ ಹೊಸದಲ್ಲ. ಎರಡು ತಿರುವು ದಾಟುವಷ್ಟರಲ್ಲಿ ಲೈನರ್ ಸುಟ್ಟ ಕಮಟು ವಾಸನೆ ಒಳಗೆ ನುಗ್ಗುತ್ತದೆ. ಮೂರನೇ ತಿರುವಿನಲ್ಲಿ ತೋಟದ ಯಜಮಾನರು ಬ್ರೇಕು ಒತ್ತಿದರೆ ಪೆಡಲು ಸೀದಾ ತಳಕ್ಕೆ ಹೋಗುತ್ತದೆ. ಮತ್ತೆ ಮತ್ತೆ ತುಳಿದರೂ ಅಷ್ಟೇ. ಅವರು ಬಾಯಿ ಬಿಡದೆ ಗೇರನ್ನು ಸೆಕೆಂಡಿಗೆ, ಅಲ್ಲಿಂದ ಫಸ್ಟಿಗೆ ಎಳೆಯುತ್ತಾರೆ. ಎಂಜಿನ್ನು ಅರಚುತ್ತದೆ. ಹ್ಯಾಂಡ್ ಬ್ರೇಕು ಜಗ್ಗಿ, ಎಡಗಡೆಯ ಮಣ್ಣಿನ ದಿಬ್ಬಕ್ಕೆ ಬಂಪರ್ ಒರಗಿಸಿ ನಿಲ್ಲಿಸುತ್ತಾರೆ.

ನಿಜವಾದ ಒಗಟು ಶುರುವಾಗುವುದು ಆಮೇಲೆ. ಅರ್ಧ ಗಂಟೆ ಕಳೆದು ಪೆಡಲು ಒತ್ತಿದರೆ ಕಲ್ಲಿನಂತೆ ಗಟ್ಟಿ! ಎಲ್ಲಿಯೂ ಸೋರಿಕೆಯಿಲ್ಲ, ಡಬ್ಬಿಯಲ್ಲಿ ಬ್ರೇಕ್ ಆಯಿಲ್ ಇಳಿದಿಲ್ಲ. ಇದೇ ರೋಗಕ್ಕೆ ಬೇರೊಂದು ಗ್ಯಾರೇಜಿನಲ್ಲಿ ಹೊಸ ಲೈನರ್ ಹಾಕಿಸಿ, ಏರ್ ತೆಗೆಸಿಯೂ ಆಗಿದೆ. ರೋಗ ಮಾತ್ರ ಹಾಗೇ ಇದೆ.

ಸೆಕೆಂಡ್ ಗೇರಿನಲ್ಲೇ ತೆವಳಿಕೊಂಡು ತುಮಕೂರು ಸೇರುತ್ತೇವೆ. ಗುಬ್ಬಿ ಗೇಟ್ ಕಡೆಯ ಒಂದು ಸಣ್ಣ ಗ್ಯಾರೇಜು. ಮೇಸ್ತ್ರಿ ಕಥೆಯೆಲ್ಲ ಕೇಳಿ ಮುಗಿಸಿ, ಪೆಡಲಿನ ತಂಟೆಗೇ ಹೋಗದೆ ನಾಲ್ಕು ಚಕ್ರಗಳ ಬಳಿ ಕೂತೆದ್ದು ಡ್ರಮ್ಮಿನ ಹತ್ತಿರ ಅಂಗೈ ಹಿಡಿದು ನೋಡುತ್ತಾರೆ.

"ನಾಲ್ಕೂ ಒಂದೇ ಸಮ ಕಾದಿವೆ ಅಣ್ಣ. ಒಂದೇ ಚಕ್ರ ಕಾದಿದ್ರೆ ಆ ಚಕ್ರದ ಹೋಸೋ ವೀಲ್ ಸಿಲಿಂಡರೋ ಅನ್ನಬಹುದಿತ್ತು. ನಾಲ್ಕೂ ಅಂದ್ರೆ ಕಾಯಿಲೆ ಮೂಲದಲ್ಲೇ ಇದೆ."

ಜೀಪು ತಣ್ಣಗಾಗುವವರೆಗೆ ಕಾದು, ಚಕ್ರಗಳನ್ನು ನೆಲ ಬಿಡಿಸುತ್ತಾರೆ. ಕೈಯಲ್ಲಿ ತಳ್ಳಿದರೆ ಚಕ್ರ ಸಲೀಸಾಗಿ ಸುತ್ತುತ್ತದೆ. "ಈಗ ಚೆನ್ನಾಗಿ ಪಂಪ್ ಮಾಡಿ, ಕಾಲು ತೆಗೀರಿ." ಯಜಮಾನರು ಪೆಡಲು ತುಳಿದು ತುಳಿದು ಬಿಡುತ್ತಾರೆ. ಮೇಸ್ತ್ರಿ ಎರಡೂ ಕೈ ಹಾಕಿ ತಿರುಗಿಸಿದರೂ ಚಕ್ರ ಈಗ ಅಲುಗುವುದಿಲ್ಲ. ಪೆಡಲಿನ ಮೇಲೆ ಕಾಲಿಲ್ಲ, ಆದರೂ ಬ್ರೇಕು ಹಿಡಿದೇ ಇದೆ.

"ಲೋ, ನಿಪ್ಪಲ್ ಬಿಚ್ಚೋ." ಹುಡುಗ ಸ್ಪ್ಯಾನರ್ ಹಾಕಿ ಬ್ಲೀಡಿಂಗ್ ನಿಪ್ಪಲನ್ನು ಸ್ವಲ್ಪ ಸಡಿಲಿಸಿದ್ದೇ ತಡ, ಎಣ್ಣೆ ಪಿಚಕ್ಕನೆ ಚಿಮ್ಮಿ ಚಕ್ರ ಬಿಟ್ಟುಕೊಳ್ಳುತ್ತದೆ. ಉಳಿದ ಮೂರೂ ಅದರ ಜೊತೆಗೇ ಸಡಿಲವಾಗುತ್ತವೆ. ಅಂದರೆ ಶೂ ಸ್ಪ್ರಿಂಗಿನ ತಪ್ಪಲ್ಲ, ಪೈಪಿನೊಳಗೆ ಒತ್ತಡ ಸಿಕ್ಕಿಹಾಕಿಕೊಂಡಿದೆ.

ಮಾಸ್ಟರ್ ಸಿಲಿಂಡರಿನಲ್ಲಿ ಸೂಜಿಮೊನೆಯಷ್ಟು ಸಣ್ಣ ತೂತೊಂದಿರುತ್ತದೆ. ಕಾಲು ತೆಗೆದಾಗ ಹೆಚ್ಚಾದ ದ್ರವ ಡಬ್ಬಿಗೆ ವಾಪಸು ಹೋಗುವುದು ಅದರ ಮೂಲಕ. ಅದು ಮುಚ್ಚಿದರೆ, ಪ್ರತಿ ಸಲ ತುಳಿದು ಬಿಟ್ಟಾಗಲೂ ಒಂದಿಷ್ಟು ದ್ರವ ಮುಂದಕ್ಕೆ ಹೋಗುತ್ತದೆ, ಹಿಂದಕ್ಕೆ ಬರುವುದಿಲ್ಲ. ಮುಚ್ಚಿದ್ದು ಯಾವುದು? ಪುಶ್ ರಾಡ್ ಉದ್ದವಾಗಿದ್ದರೂ ಹೀಗಾಗುತ್ತದೆ. ಮೇಸ್ತ್ರಿ ಪೆಡಲನ್ನು ಬೆರಳಲ್ಲಿ ಒತ್ತಿ ನೋಡುತ್ತಾರೆ: ಅರ್ಧ ಇಂಚು ಫ್ರೀ ಪ್ಲೇ, ಸರಿಯಾಗಿದೆ. ಈ ಜೀಪಿನಲ್ಲಿ ಮಾಸ್ಟರ್ ಸಿಲಿಂಡರ್ ಇರುವುದು ಕಾಲಡಿಯ ಹಲಗೆಯ ಕೆಳಗೆ, ಕೆಸರಿನ ದಾರಿಯಲ್ಲೇ. ಮುಚ್ಚಳದ ಗಾಳಿ ತೂತಿಗೆ ತಂತಿ ತೂರಿಸುತ್ತಾರೆ. ಅದೂ ತೆರೆದಿದೆ.

ಆಗ ಒಂದು ಗಾಜಿನ ಲೋಟದಲ್ಲಿ ನೀರು ತರಿಸುತ್ತಾರೆ. ಡಬ್ಬಿಯ ಮೇಲ್ಭಾಗದ ಎಣ್ಣೆಯನ್ನು ಸಿರಿಂಜಿನಲ್ಲಿ ಎಳೆದು ನೀರಿಗೆ ಬಿಡುತ್ತಾರೆ. ನಾವೆಲ್ಲ ಬಗ್ಗಿ ನೋಡುತ್ತೇವೆ. ಶುದ್ಧ ಬ್ರೇಕ್ ಫ್ಲೂಯಿಡ್ ಆಗಿದ್ದರೆ ನೀರಿನಲ್ಲಿ ಬೆರೆತುಹೋಗಬೇಕು. ಇಲ್ಲಿ ಬಣ್ಣಬಣ್ಣದ ಜಿಡ್ಡಿನ ಪದರ ಮೇಲೆ ಹರಡಿ ತೇಲುತ್ತಿದೆ.

"ಇದಕ್ಕೆ ಟ್ರ್ಯಾಕ್ಟರ್ ಆಯಿಲ್ ಏನಾದ್ರೂ ಹಾಕಿದ್ರಾ ಅಣ್ಣ?"

ಯಜಮಾನರು ತೋಟಕ್ಕೆ ಫೋನ್ ಮಾಡುತ್ತಾರೆ. ಹೌದಂತೆ. ಮಳೆಗಾಲಕ್ಕೆ ಮುಂಚೆ ಡಬ್ಬಿ ಸ್ವಲ್ಪ ಖಾಲಿ ಕಂಡಿತೆಂದು ಆಳು ಟ್ರ್ಯಾಕ್ಟರಿನ ಹೈಡ್ರಾಲಿಕ್ ಆಯಿಲನ್ನೇ ತುಂಬಿದ್ದನಂತೆ. ಅವನ ಲೆಕ್ಕದಲ್ಲಿ ಅದು ಉಪಕಾರ.

ಖನಿಜ ತೈಲ ಈ ಬ್ರೇಕಿನ ರಬ್ಬರಿಗೆ ವಿಷ. ಸಿಲಿಂಡರ್ ಬಿಚ್ಚಿದಾಗ ರಬ್ಬರ್ ಕಪ್ಪು ಸುಲಭಕ್ಕೆ ಈಚೆ ಬರುವುದೇ ಇಲ್ಲ. ಹೊಸ ಕಿಟ್ಟಿನ ಕಪ್ಪಿನ ಪಕ್ಕದಲ್ಲಿಟ್ಟರೆ ಹಳೆಯದು ರಾತ್ರಿಯೆಲ್ಲ ನೆನೆಸಿದ ಕಡಲೆಯ ಹಾಗೆ ಉಬ್ಬಿದೆ. ಉಗುರು ಒತ್ತಿದರೆ ಗುರುತು ಬೀಳುತ್ತದೆ. ಆ ಉಬ್ಬಿದ ಅಂಚೇ ತೂತಿನ ಮೇಲೆ ಕೂತಿದ್ದು.

ಬೆಟ್ಟದಲ್ಲಿ ನಡೆದದ್ದು ಈಗ ಒಂದರ ಹಿಂದೊಂದು ಬಿಡಿಸಿಕೊಳ್ಳುತ್ತದೆ. ಬ್ರೇಕು ಬಿಡಲಿಲ್ಲ, ಶೂ ಉಜ್ಜಿತು, ಡ್ರಮ್ ಕಾಯಿತು, ಆ ಶಾಖಕ್ಕೆ ವೀಲ್ ಸಿಲಿಂಡರಿನಲ್ಲಿದ್ದ ದ್ರವ ಕುದಿಯಿತು. ಡಾಟ್ 3 ದರ್ಜೆಯ ಹೊಸ ಫ್ಲೂಯಿಡ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ತೇವ ಹೀರಿಕೊಂಡು ಹಳತಾದ ಮೇಲೆ ಅದೇ ಮಟ್ಟ 140ಕ್ಕೆ ಇಳಿಯುತ್ತದೆ. ದ್ರವವನ್ನು ಅದುಮಲಾಗದು, ಆವಿಯನ್ನು ಅದುಮಬಹುದು. ಆದ್ದರಿಂದಲೇ ಪೆಡಲು ತಳ ಕಂಡಿತು. ತಣಿದಾಗ ಆವಿ ಮತ್ತೆ ದ್ರವವಾಯಿತು, ಪೆಡಲು ಗಟ್ಟಿಯಾಯಿತು. ಗ್ಯಾರೇಜು ಮುಟ್ಟುವ ಹೊತ್ತಿಗೆ ರೋಗ ತನ್ನ ಸಾಕ್ಷಿಯನ್ನು ತಾನೇ ಅಳಿಸಿಕೊಳ್ಳುತ್ತಿತ್ತು.

ಬರೀ ಎಣ್ಣೆ ಬದಲಿಸಿದರೆ ಸಾಲದು. ಮಾಸ್ಟರ್ ಸಿಲಿಂಡರಿನ ಕಿಟ್, ನಾಲ್ಕೂ ಚಕ್ರದ ಕಪ್ಪುಗಳು, ಎಲ್ಲ ರಬ್ಬರ್ ಹೋಸುಗಳು ಬದಲಾಗುತ್ತವೆ. ಪೈಪುಗಳನ್ನು ಸ್ಪಿರಿಟ್ಟಿನಲ್ಲಿ ತೊಳೆದು, ಗಾಳಿ ಊದಿ ಒಣಗಿಸಿ, ಸೀಲ್ ಒಡೆಯದ ಡಬ್ಬಿಯ ಫ್ಲೂಯಿಡ್ ತುಂಬಿ, ದೂರದ ಚಕ್ರದಿಂದ ಶುರುಮಾಡಿ ಏರ್ ತೆಗೆಯುತ್ತಾರೆ.

ಮರುದಿನ ಹೆಬ್ಬೂರಿನ ಮೇಲೆ ಕುಣಿಗಲ್ ರಸ್ತೆಯಲ್ಲಿ ಟ್ರಯಲ್. ಮೇಸ್ತ್ರಿ ಪಕ್ಕದಲ್ಲಿ ಕೂತು, ಬೇಕಂತಲೇ ಪದೇಪದೇ ಬ್ರೇಕು ಹಾಕಿಸುತ್ತಾರೆ. ಕುಣಿಗಲ್ ದೊಡ್ಡಕೆರೆಯ ಬಳಿ ನಿಲ್ಲಿಸಿ ಇಳಿದರೆ ಡ್ರಮ್ಮುಗಳು ಬೆಚ್ಚಗಿವೆ, ಸುಡುತ್ತಿಲ್ಲ. ಸಮತಟ್ಟಾದ ಜಾಗ ನೋಡಿ ಬ್ರೇಕು ಪಂಪ್ ಮಾಡಿಸಿ, ನ್ಯೂಟ್ರಲ್ಲಿಗೆ ಹಾಕಿಸಿ, ಹಿಂದಿನಿಂದ ಒಬ್ಬರೇ ನೂಕುತ್ತಾರೆ. ಜೀಪು ಮುಂದಕ್ಕೆ ಉರುಳುತ್ತದೆ.

"ಹಿಡಿಯುತ್ತಾ ಅಂತ ಎಲ್ರೂ ನೋಡ್ತಾರೆ ಅಣ್ಣ. ಬಿಡುತ್ತಾ ಅಂತಲೂ ನೋಡ್ಬೇಕು. ಬೆಟ್ಟ ಹತ್ತೋ ಮುಂಚೆ ಒಂದ್ಸಲ ಹೀಗೆ ನೂಕಿ ನೋಡಿ. ಉರುಳದಿದ್ರೆ ಹತ್ತಬೇಡಿ."